ಬೆಚ್ಚಗಿನ ರಕ್ತವನ್ನು ತಣ್ಣಗೆ ಎಣಿಸಿದ ಯಂತ್ರ ಮಹಾಶಯರಿಗೆ

ಪರೀಕ್ಷಾಲಯದ ಮೂರನೆಯ ಕೋಣೆಯಲ್ಲಿ ಕಿಟಕಿಗೆ ಬೆನ್ನು ಮಾಡಿ ಕುಳಿತು, ದಿನಕ್ಕೆ ನೂರಾರು ಜನರ ರಕ್ತಕಣಗಳನ್ನು ಆಕಳಿಸದೆ ಎಣಿಸುವ ಯಂತ್ರ ಮಹಾಶಯರ ಸನ್ನಿಧಿಗೆ, ಹಳೆಯ ಗಿರಾಕಿಯೊಬ್ಬಳ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಕೋಣೆಯ ಏಸಿಯನ್ನು ನೋಡಿದರೆ ತಮಗೆ ಕ್ಷೇಮವಾಗಿರದೆ ಬೇರೆ ದಾರಿಯೇ ಇಲ್ಲ. ನಾನೂ ಕ್ಷೇಮ. ಇದನ್ನು ಒತ್ತಿ ಹೇಳಲು ಕಾರಣವಿದೆ: ಸೋಮವಾರ ತಾವು ದಯಪಾಲಿಸಿದ ವರದಿಯ ಪ್ರಕಾರ ನಾನು ಕ್ಷೇಮವಾಗಿರುವುದಿರಲಿ, ಇರುವುದೇ ಅನುಮಾನ. ವರದಿ ಕಂಡು ಗಾಬರಿಯಾದ ತಮ್ಮ ಆಫೀಸಿನವರು ಮನೆಗೆ ಫೋನು ಮಾಡಿ, ತಗ್ಗಿದ ದನಿಯಲ್ಲಿ "ಅಮ್ಮಾ, ಪೇಷೆಂಟು ಹೇಗಿದ್ದಾರೆ? ಪಕ್ಕದಲ್ಲಿ ಯಾರಾದ್ರೂ ಇದ್ದೀರಾ?" ಎಂದು ಕೇಳಿದಾಗ, ಪೇಷೆಂಟು ಸ್ಟೂಲಿನ ಮೇಲೆ ನಿಂತು ಒಗೆಯಲೆಂದು ಕಿಟಕಿಯ ಪರದೆಗಳನ್ನು ಬಿಚ್ಚುತ್ತಿದ್ದಳು.

ನನ್ನ ಕಾಯಿಲೆ ಲಕ್ಷಕ್ಕೆ ಒಬ್ಬರಿಗೋ ಇಬ್ಬರಿಗೋ ಬರುವಂಥದ್ದು. ಅದರ ಪೂರ್ತಿ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಲೋಟದ ಚಹಾ ಆರಿಹೋಗುತ್ತದೆ. ನನ್ನ ರಕ್ತ ಬೆಚ್ಚಗಿರುವಷ್ಟು ಹೊತ್ತು ಮರ್ಯಾದೆಯಿಂದ ಹರಿಯುತ್ತದೆ, ತಣ್ಣಗಾಯಿತೋ, ಕೆಂಪು ಕಣಗಳೆಲ್ಲ ಒಂದನ್ನೊಂದು ತಬ್ಬಿಕೊಂಡು ಗುಂಪು ಕಟ್ಟುತ್ತವೆ. ಆಗ ತಾವು, ಒತ್ತೊತ್ತಾಗಿ ನಿಂತ ಇಪ್ಪತ್ತು ಜನರನ್ನು ಒಬ್ಬ ಭಾರೀ ದಪ್ಪ ಮನುಷ್ಯನೆಂದು ಬಗೆದು, "ಒಂದು" ಎಂದು ಬರೆದುಕೊಂಡು ಮುಂದೆ ಹೋಗುತ್ತೀರಿ. ಇಂಥ ಆತ್ಮವಿಶ್ವಾಸ ನನಗಿದ್ದಿದ್ದರೆ ನಲವತ್ತು ವರ್ಷ ಬಟ್ಟೆ ಹೊಲಿಯುವಾಗ ಒಬ್ಬರ ಅಳತೆಯನ್ನೂ ಎರಡನೆಯ ಸಲ ತೆಗೆಯಬೇಕಾಗುತ್ತಿರಲಿಲ್ಲ.

ಇಷ್ಟು ದಿನ ನಮ್ಮಿಬ್ಬರ ಮಾನ ಕಾಪಾಡಿದವರು ರಕ್ತ ತೆಗೆಯುವ ಸಿಸ್ಟರ್. ತಿಂಗಳಿಗೊಮ್ಮೆ ನನ್ನ ಟ್ಯೂಬನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು, "ದಾರಿ ಬಿಡ್ರಪ್ಪಾ, ಬಿಸಿ ಇದೆ!" ಎಂದು ಕೂಗುತ್ತಾ ಅವರು ವರಾಂಡದಲ್ಲಿ ಓಡುತ್ತಿದ್ದರೆ, ಬೆಂಚಿನ ಮೇಲೆ ಕುಳಿತವರು ಕಾಫಿ ಬಂತೆಂದು ಎದ್ದು ನಿಲ್ಲುತ್ತಿದ್ದರು. ಈ ತಿಂಗಳು ಅವರು ರಜೆ. ಆದ್ದರಿಂದ ನಾನೇ ಮೂರು ಪದರ ಹತ್ತಿಯಿಟ್ಟು, ಬಿಸಿನೀರಿನ ಪುಟ್ಟ ಬಾಟಲಿಗೊಂದು ಜೇಬಿಟ್ಟು, ಮೇಲೆ ನೀಲಿ ದಾರದಲ್ಲಿ ಹೂವು ಹಾಕಿ, ಟ್ಯೂಬಿಗೊಂದು ಚೀಲ ಹೊಲಿದುಕೊಂಡು ಬಂದೆ. ಹೊಸದಾಗಿ ಸೇರಿದ ಟೆಕ್ನೀಷಿಯನ್ ಸಾಹೇಬರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಬಿಸಿನೀರಿನ ಬಾಟಲಿಯನ್ನು ಯಾರೋ ಮರೆತದ್ದೆಂದು ಪಕ್ಕಕ್ಕಿಟ್ಟು, ಚೀಲವನ್ನು ಟ್ಯೂಬಿನ ಸಮೇತ ಫ್ರಿಜ್ಜಿನೊಳಗೆ, ಮೇಲಿನ ತಟ್ಟೆಯಲ್ಲಿ ಪ್ರತಿಷ್ಠಾಪಿಸಿದರು. ಆಮೇಲೆ ಕೇಳಿದರೆ, "ಅಷ್ಟು ಚೆಂದ ಹೊಲ್ಕೊಂಡು ಬಂದಿದ್ರಲ್ಲಮ್ಮಾ, ಕೆಟ್ಟು ಗಿಟ್ಟು ಹೋದೀತು ಅಂತ" ಎಂದರು. ಹೂವು ಹಾಕಲು ಎರಡು ಸಂಜೆ ಕಳೆದವಳಿಗೆ "ಬೆಚ್ಚಗಿಡಿ" ಎಂದು ಹಾಕಲು ಹೊಳೆದಿರಲಿಲ್ಲ.

ಆದರೆ ಮಾನ್ಯರೇ, ತಮಗೆ ಗೊತ್ತಿಲ್ಲದ ಸಂಗತಿಯೊಂದಿದೆ. ಬೇರೆ ಊರಿನಲ್ಲಿರುವ ನನ್ನ ತಂಗಿಗೆ ಶುಕ್ರವಾರ ಮೊಣಕಾಲಿನ ಆಪರೇಷನ್. ಈ ರಕ್ತದ ದೆಸೆಯಿಂದ ಮೂರು ವರ್ಷವಾಯಿತು, ನಾನು ಅವಳ ಮನೆಯ ಹೊಸ್ತಿಲು ತುಳಿದಿಲ್ಲ. "ಈ ಸಲ ಲೆಕ್ಕ ಸರಿ ಬಂದ್ರೆ ಹೋಗ್ಬನ್ನಿ, ಕೈಗೆ ಕಾಲಿಗೆ ಉಣ್ಣೆ ಚೀಲ ಮರೀಬೇಡಿ" ಎಂದಿದ್ದ ಡಾಕ್ಟರು, ತಮ್ಮ ವರದಿ ನೋಡಿ ನಕ್ಕರು, ಆಮೇಲೆ ನಗು ನಿಲ್ಲಿಸಿದರು. "ಇದು ಸುಳ್ಳು ಅಂತ ನಂಗೂ ಗೊತ್ತು. ನಿಜ ಎಷ್ಟು ಅಂತ ಗೊತ್ತಾಗ್ಬೇಕಲ್ಲ? ಗುರುವಾರ ಇನ್ನೊಂದ್ಸಲ ಕೊಡಿ. ಅಲ್ಲೀವರೆಗೆ ಎಲ್ಲಿಗೂ ಇಲ್ಲ." ಫೋನಿನಲ್ಲಿ ಹೇಳಿದರೆ ತಂಗಿ, "ಬರಕ್ಕಾಗ್ದಿದ್ರೆ ಬಿಡಕ್ಕಾ, ನಾನೇನು ಚಿಕ್ಕ ಮಗೂನಾ?" ಎಂದಳು. ಅಂದವಳು ಫೋನು ಇಡಲಿಲ್ಲ.

ಆದ್ದರಿಂದ ನಾಳೆ, ಗುರುವಾರ, ಬೆಳಿಗ್ಗೆ ಎಂಟಕ್ಕೆ ನನ್ನ ರಕ್ತ ತಮ್ಮೆದುರು ಹಾಜರಾದಾಗ, ತಾವು ಒಂದೆರಡು ಸಣ್ಣ ಉಪಕಾರ ಮಾಡಬೇಕು. ಸಾಧ್ಯವಾದರೆ ಎಣಿಸುವ ಮೊದಲು ಕೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಬೇಕು. ಕೈ ಇಲ್ಲವೆಂಬ ನೆಪ ಹೇಳಬಾರದು. ಗುಂಪು ಕಂಡರೆ ಹತ್ತಿರ ಹೋಗಿ, "ನೀವು ಎಷ್ಟು ಜನ?" ಎಂದು ವಿನಯದಿಂದ ವಿಚಾರಿಸಬೇಕು. ತಮಗೆ ಚಳಿಯಾಗುವುದಾದರೆ ತಿಳಿಸಿ, ಅಳತೆಗೆ ಬರುತ್ತೇನೆ; ತಮ್ಮ ಸೈಜಿಗೆ ತೋಳಿಲ್ಲದ ಸ್ವೆಟರೇ ಒಪ್ಪುತ್ತದೆ.

ಸದ್ಯಕ್ಕೆ ಜೀವಂತವಾಗಿರುವ,
ತಮ್ಮ ವಿಶ್ವಾಸಿ,
ಪ್ರತಿ ತಿಂಗಳ ಎಡಗೈ

ಮರೆತ ಮಾತು: ತಮ್ಮ ವರದಿಯ ಕೊನೆಯಲ್ಲಿ ಇರುವೆಯಂಥ ಅಕ್ಷರಗಳಲ್ಲಿ, "ಫಲಿತಾಂಶವನ್ನು ರೋಗಿಯ ಸ್ಥಿತಿಯೊಂದಿಗೆ ಹೋಲಿಸಿ ನೋಡಿ" ಎಂದು ಅಚ್ಚಾಗಿರುವುದನ್ನು ಭೂತಗನ್ನಡಿ ಹಿಡಿದು ಓದಿದೆ. ಒಳ್ಳೆಯ ಸಲಹೆ. ನಾಳೆ ಟ್ಯೂಬನ್ನು ನನ್ನ ಮುಷ್ಟಿಯಲ್ಲೇ ಹಿಡಿದು, ಪ್ರಯಾಣದ ಚೀಲವನ್ನೂ ಹೆಗಲಿಗೆ ಹಾಕಿಕೊಂಡು ನಾನೇ ಬರುತ್ತೇನೆ. ಬಸ್ಸು ಹನ್ನೊಂದೂವರೆಗೆ. ನಾಳೆಯೂ ತಾವು ನನ್ನನ್ನು ಸಾಯಿಸಿದರೆ, ತಮ್ಮೆದುರೇ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ನಿಧಾನವಾಗಿ ಹೋಲಿಸಿ ನೋಡಿ.