ಮಾವನ ಹಾಡಿಗೆ ಇಸ್ತ್ರಿ

ಕೆಂಪರಾಜನಿಗೆ ಮದುವೆಯಾಗಿ ಹನ್ನೊಂದು ವರ್ಷ. ಈ ಹನ್ನೊಂದು ವರ್ಷಗಳಲ್ಲಿ ಬೂದಿಗೆರೆಯ ಮಾವ ಅಪ್ಪಯ್ಯಣ್ಣನವರು ಅವನನ್ನು ಒಂದೇ ಒಂದು ಸಲವೂ ಹೊಗಳಿದ್ದಿಲ್ಲ. ಬೈದದ್ದೂ ಇಲ್ಲ ಅನ್ನಿ. ಬೈದಿದ್ದರೆ ಕಣ್ಣಿಗಾದರೂ ಬಿದ್ದಿದ್ದೇನೆ ಎಂಬ ಸಮಾಧಾನವಿರುತ್ತಿತ್ತು. ನೆಂಟರ ಮುಂದೆ "ಇವ್ರು ನಮ್ಮ ದೊಡ್ಡ ಅಳಿಯಂದ್ರು, ದೊಡ್ಡಬಳ್ಳಾಪುರದಾಗವ್ರೆ" ಎಂದು ಅರ್ಧ ಉಸಿರಿನಲ್ಲಿ ಮುಗಿಸಿ, ಚಿಕ್ಕ ಅಳಿಯ ಸುನಿಲ್‌ಕುಮಾರನ ಕಡೆ ತಿರುಗಿದರೆಂದರೆ ಅವನ ಗುಣಗಾನ ಎಲೆ ಹಾಕುವ ತನಕ ನಡೆಯುತ್ತಿತ್ತು.

ಈಗ ಮಾವನವರು ದ್ರಾಕ್ಷಿ ತೋಟದ ಪಕ್ಕದಲ್ಲೇ ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡಿದ್ದರು. ಸುನಿಲ್‌ಕುಮಾರ್ ಸೊಂಟದೆತ್ತರದ ಎರಡು ಸ್ಪೀಕರ್ ಉಡುಗೊರೆ ಕೊಡುತ್ತಾನಂತೆ ಎಂಬ ಸುದ್ದಿ ಬಂತು. ಕೆಂಪರಾಜನಿಗೆ ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಹೆಂಡತಿ ದಿವ್ಯಳನ್ನು ಕರೆದು ತನ್ನ ಘನ ನಿರ್ಧಾರವನ್ನು ಪ್ರಕಟಿಸಿದ.

"ಅವನು ಡಬ್ಬ ಕೊಡ್ಲಿ ಕಣೆ. ಅದರೊಳಗೆ ಮೊದಲು ಹಾಡೋದು ನನ್ನ ಹಾಡು. ಮಾವನ ಮೇಲೆ."

"ನಿಮಗೆಲ್ಲಿ ಹಾಡಕ್ಕೆ ಬರುತ್ತೆ?"

"ನಾನ್ಯಾಕೆ ಹಾಡ್ಲಿ? ಎಐ ಹಾಡುತ್ತೆ."

ಹಾಡಿತು ಕೂಡ. 'ಬೂದಿಗೆರೆಯ ಬಂಗಾರ ನಮ್ಮ ಅಪ್ಪಯ್ಯಣ್ಣ, ಬಳ್ಳಿಗೆ ಬದುಕು ಕೊಟ್ಟ ಪುಣ್ಯಾತ್ಮನಣ್ಣ' ಎಂದು ಇವನು ನಾಲ್ಕು ಸಾಲು ಬರೆದು ಫೋನಿಗೆ ಒಪ್ಪಿಸಿದ್ದೇ ತಡ, ಅದು ಒಂದೇ ನಿಮಿಷದಲ್ಲಿ ಓಲಗ, ತಮಟೆ ಎಲ್ಲ ಸೇರಿಸಿ ಹಾಡು ಕಟ್ಟಿ ಕೊಟ್ಟಿತು. ಆದರೆ ಹಾಡುವವನು ನೀರಿನ ಡ್ರಮ್ಮಿನೊಳಗೆ ಕೂತು ಹಾಡಿದಂತಿತ್ತು. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಕೆಂಪರಾಜನ ಕೆಲಸವೇ ಕ್ವಾಲಿಟಿ ಚೆಕಿಂಗ್. (ಒಂದು ಹೊಲಿಗೆ ಬಿಟ್ಟ ಅಂಗಿಯನ್ನೂ ಅವನು ಮುಂದಕ್ಕೆ ಬಿಟ್ಟವನಲ್ಲ. ಮನೆಯಲ್ಲಿ ದೋಸೆಯ ಅಂಚನ್ನೂ ಹಾಗೇ ನೋಡುತ್ತಾನೆಂಬುದು ದಿವ್ಯಳ ದೂರು.) ಅಂಥವನು ಈ ಹಾಡನ್ನು ಪಾಸು ಮಾಡುವುದುಂಟೆ?

"ಇದಕ್ಕೆ ಮಾಸ್ಟರಿಂಗ್ ಆಗಿಲ್ಲ ಗುರು," ಎಂದ ಪಕ್ಕದ ಟೇಬಲಿನ ನವೀನ್‌ಕುಮಾರ್. "ಅಂಗಿ ಹೊಲಿದ್ಮೇಲೆ ಇಸ್ತ್ರಿ ಹಾಕಲ್ವಾ, ಹಂಗೇ. ದಪ್ಪ ಸೌಂಡು, ಚೂಪು ಸೌಂಡು, ಒಟ್ಟು ಜೋರು, ಎಲ್ಲಾ ಎಳೆದು ಹದಕ್ಕೆ ತರ್ಬೇಕು. ಫೋನಲ್ಲೇ ಆಪ್ ಐತೆ, ಹಾಕ್ಕೊ."

ಹಾಕಿಕೊಂಡ. ಅಂದಿನಿಂದ ದಿವ್ಯಳ ಗ್ರಹಚಾರ ಶುರುವಾಯಿತು.

ಅವರ ಬಾಡಿಗೆ ಮನೆಗೂ ಪಕ್ಕದ ಮಗ್ಗದ ಶೆಡ್ಡಿಗೂ ಒಂದೇ ಗೋಡೆ. ಶೆಡ್ಡಿನಲ್ಲಿ ಆರು ವಿದ್ಯುತ್ ಮಗ್ಗಗಳು ಬೆಳಗ್ಗೆ ಏಳರಿಂದ ಟಕಟಕ ಎಂದು ಸೀರೆ ನೇಯುತ್ತವೆ. ಮೊದಲ ವರ್ಷ ದಂಪತಿ ತಲೆ ಹಿಡಿದುಕೊಂಡಿದ್ದರು. ಆಮೇಲೆ ಗಂಟಲು ಏರಿಸಿ ಮಾತಾಡುವುದು ರೂಢಿಯಾಗಿ, ಸದ್ದು ಗೋಡೆಯ ಬಣ್ಣದಷ್ಟೇ ಮಾಮೂಲಾಗಿತ್ತು.

"ಈಗ ಕೇಳು," ಎನ್ನುತ್ತಿದ್ದ ಕೆಂಪರಾಜ, ದಿವ್ಯ ಮುದ್ದೆ ತೊಳಸುವ ಹೊತ್ತಿಗೇ ಬಂದು.

"ಕೇಳ್ದೆ. ಚೆನ್ನಾಗೈತೆ."

"ಚೆನ್ನಾಗೈತೆ ಅಂದ್ರೆ ಏನರ್ಥ? ಮಾತು ತಿಳಿಯುತ್ತಾ?"

"ಇಲ್ಲ."

"ಮತ್ತೆ ಚೆನ್ನಾಗೈತೆ ಅಂದೆ?"

"ಮುದ್ದೆ ಗಂಟಾಗ್ತಾ ಐತೆ, ಅದಕ್ಕಂದೆ."

ಕೆಂಪರಾಜ ಹಲ್ಲು ಕಚ್ಚಿ ಚೂಪು ಸದ್ದನ್ನು ಇನ್ನೆರಡು ಮೆಟ್ಟಿಲು ಏರಿಸುತ್ತಿದ್ದ. ಆಮೇಲೆ ತಾಳದ ಕಾಟ ಹುಟ್ಟಿತು. ಎಷ್ಟು ತಗ್ಗಿಸಿದರೂ ಹಾಡಿನಲ್ಲಿ ಟಕಟಕ ಮಾತ್ರ ತಗ್ಗಲೊಲ್ಲದು. ತಮಟೆಯನ್ನು ಅರ್ಧಕ್ಕಿಳಿಸಿದ, ಕಾಲಿಗಿಳಿಸಿದ, ಕೊನೆಗೆ ಸೊನ್ನೆ ಮಾಡಿದ. ಆಗಲೂ ಟಕಟಕ. ಈ ಎಐಗೆ ಹೇಳಿದ ಮಾತು ಕೇಳುವ ಸಂಸ್ಕಾರವೇ ಇಲ್ಲವೆಂದು ಬೈದು, ಹಾಡುವವನ ದನಿಯನ್ನು ಆಪ್ ಬಿಟ್ಟಷ್ಟೂ ಮೇಲಕ್ಕೆ ತಳ್ಳಿದ. ಹದಿನೈದನೆಯ ದಿನ, ಮೂವತ್ತೊಂದನೆಯ ಸಲ, ಹಾಡು ಪಾಸಾಯಿತು. ದನಿ ಸ್ಪಷ್ಟ, ತಾಳ ಹದ. ದಿವ್ಯ ಕೂಡ ಸೌಟು ಹಿಡಿದೇ ತಲೆಯಾಡಿಸಿದಳು.

ಗೃಹಪ್ರವೇಶದ ಬೆಳಗ್ಗೆ ಬೂದಿಗೆರೆಯ ತೋಟ ತಣ್ಣಗಿತ್ತು. ಅತ್ತೆ ಮುನಿಲಕ್ಷ್ಮಮ್ಮನವರು ಕಲಶ ಹಿಡಿದು ನಿಂತಿದ್ದರು. ಪದ್ಧತಿಯಂತೆ ಮೊದಲು ಒಳಗೆ ಹೋಗಬೇಕಾದ ಹಸು ಅರಿಶಿನ ಕುಂಕುಮ ಹಚ್ಚಿಸಿಕೊಂಡು ಹೊಸಿಲ ಮೇಲೆ ಮುಂಗಾಲಿಟ್ಟಿತು. ಇದೇ ಸುಮುಹೂರ್ತವೆಂದು ಕೆಂಪರಾಜ ಸುನಿಲ್‌ಕುಮಾರನ ಸ್ಪೀಕರಿಗೆ ಪೆನ್‌ಡ್ರೈವ್ ಸಿಕ್ಕಿಸಿ ತನ್ನ ಹಾಡು ಬಿಟ್ಟ.

ತಾಳವಿಲ್ಲ, ತಮಟೆಯಿಲ್ಲ. 'ಬೂದಿಗೆರೆಯಾ' ಎಂಬ ಒಂದು ಚೀತ್ಕಾರ, ತಗಡು ಕುಯ್ದಂತೆ, ಹೊಸ ಮನೆಯ ಬರಿಗೋಡೆಗಳಿಗೆ ಬಡಿದು ಹೊರಬಂತು. ಪುರೋಹಿತರು ಮಂತ್ರ ನಿಲ್ಲಿಸಿ ಕಿವಿ ಮುಚ್ಚಿಕೊಂಡರು. ಹಸು ಹಗ್ಗ ಕಿತ್ತುಕೊಂಡು ಹಿಂದಕ್ಕೆ ಹಾರಿ, ಚಪ್ಪರದ ಒಂದು ಕಂಬವನ್ನೂ ಕರೆದುಕೊಂಡು, ದ್ರಾಕ್ಷಿ ತೋಟಕ್ಕೆ ನುಗ್ಗಿತು. ಸುನಿಲ್‌ಕುಮಾರ್ ಓಡಿ ಹೋಗಿ ವೈರ್ ಕಿತ್ತ. (ಆ ಪುಣ್ಯವೂ ಅವನಿಗೇ ಹೋಯಿತು.) ಹಸುವನ್ನು ಹಿಡಿದು ತರುವಷ್ಟರಲ್ಲಿ ಮುಹೂರ್ತ ಮೀರಲು ಐದೇ ನಿಮಿಷವಿತ್ತು.

"ಮನೇಲಿ ಸರಿಯಾಗೇ ಇತ್ತಲ್ಲೇ," ಎಂದ ಕೆಂಪರಾಜ, ಹೆಂಡತಿಯ ಕಡೆ ತಿರುಗಿ.

"ಮನೇಲಿ ಆರು ಮಗ್ಗ ಇದ್ವು ಕಣ್ರೀ. ನೀವು ಹದಿನೈದು ದಿನ ತಗ್ಗಿಸಕ್ಕೆ ಹೋಗಿದ್ದು ಮಗ್ಗದ ಟಕಟಕನ, ಏರಿಸಿದ್ದು ಅದರ ಮೇಲೆ ಕೂಗೋದನ್ನ," ಎಂದಳು ದಿವ್ಯ. "ನನ್ನನ್ನೂ ತಲೆಯಾಡಿಸೋ ಹಾಗೆ ಮಾಡಿದ್ರಿ."

ಅಪ್ಪಯ್ಯಣ್ಣನವರು ಹಸುವನ್ನು ಮತ್ತೆ ಹೊಸಿಲಿಗೆ ನಡೆಸಿದರು. ಅಳಿಯನನ್ನು ಆಗಲೂ ಬೈಯಲಿಲ್ಲ. ಕೆಂಪರಾಜ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದ. ಹೊರಡುವಾಗ ಮಾವನವರು ಪೆನ್‌ಡ್ರೈವನ್ನು ಮಾತ್ರ ವಾಪಸ್ ಕೊಡದೆ ಜೇಬಿಗೆ ಹಾಕಿಕೊಂಡರು. ಇನ್ನು ಅದು ಬಾವಿಗೆ ಎಂದುಕೊಂಡ.

ಆದರೂ ಛಲ ಬಿಡಲಿಲ್ಲ. ಮುಂದಿನ ಭಾನುವಾರ ಊರಾಚೆಯ ಕೆರೆ ಏರಿಯ ಮೇಲೆ, ನರಪಿಳ್ಳೆಯ ಸುಳಿವಿಲ್ಲದ ಕಡೆ ಕೂತು, ತಮಟೆ ವಾಪಸ್ ತಂದು, ಚೂಪು ಇಳಿಸಿ, ಇಡೀ ಹಾಡಿಗೆ ಹೊಸದಾಗಿ ಇಸ್ತ್ರಿ ಹಾಕಿದ. ನಿಜಕ್ಕೂ ಇಂಪಾಗಿತ್ತು. ಕೇಳುತ್ತ ಅವನಿಗೇ ಕಣ್ಣು ತುಂಬಿತು. ಮಾವನಿಗೆ ಕಳಿಸುವ ಧೈರ್ಯ ಮಾತ್ರ ಬರಲಿಲ್ಲ.

ಗೃಹಪ್ರವೇಶವಾದ ಹತ್ತನೆಯ ದಿನ ಮಾವನವರದೇ ಫೋನು. ಹನ್ನೊಂದು ವರ್ಷದಲ್ಲಿ ಅವರಾಗಿ ಮಾಡಿದ ಮೊದಲನೆಯದು.

"ಅಳಿಯಂದ್ರೇ, ನಿಮ್ಮ ಹಾಡನ್ನ ಸ್ಪೀಕರ್‌ಗೆ ಹಾಕಿ ತೋಟದ ಮಧ್ಯಕ್ಕೆ ಇಟ್ಟಿವ್ನಿ. ಬೆಳಗ್ಗಿಂದ ಸಂಜೆಗಂಟ ಓಡ್ತದೆ. ಹಣ್ಣಿಗೆ ಬೀಳ್ತಿದ್ದ ಗಿಳಿಗಳು ಒಂದೂ ಇತ್ಲಾಗೆ ಸುಳಿದಿಲ್ಲ ಕಣಪ್ಪ." ಆಮೇಲೆ ಪಕ್ಕದಲ್ಲಿದ್ದವರ ಕಡೆ ತಿರುಗಿ, ಹೆಮ್ಮೆ ಉಕ್ಕುವ ದನಿಯಲ್ಲಿ, "ನಮ್ಮ ದೊಡ್ಡ ಅಳಿಯಂದ್ರು ಸ್ವಂತ ಕೈಯಲ್ಲಿ ಮಾಡಿದ್ದು ಕಣ್ಲಾ ದೊಡ್ಡಮುನಿಯಪ್ಪ. ಇಂಥಾದ್ದು ದುಡ್ಡು ಕೊಟ್ರೂ ಸಿಗಲ್ಲ," ಎಂದರು.

ಹನ್ನೊಂದು ವರ್ಷ ಕಾದ ಮಾತು ಗಿಳಿಗಳ ದೆಸೆಯಿಂದ ಬಂತಲ್ಲ ಎಂದು ಕೆಂಪರಾಜನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

"ಮಾವ, ಅದು ಕೆಟ್ಟುಹೋಗಿರೋದು. ಈಗ ಪೂರ್ತಿ ಸರಿ ಮಾಡಿದ್ದೀನಿ, ಭಾಳ ಇಂಪಾಗಿದೆ. ಈಗ್ಲೇ ಕಳಿಸ್ತೀನಿ, ಅದನ್ನ ಹಾಕಿ."

"ಅಯ್ಯೋ ಬೇಡಿ ಅಳಿಯಂದ್ರೇ," ಎಂದರು ಅಪ್ಪಯ್ಯಣ್ಣ ಗಾಬರಿಯಿಂದ. "ಇಂಪಾಗಿದ್ರೆ ಗಿಳಿಗಳು ಹಣ್ಣು ತಿಂತಾ ಕೂತ್ಕೊಂಡು ಕೇಳ್ತವೆ."