ಅಮ್ಮ ಮುಗಿಸದ ದೋಣಿ ಕಥೆ

ನನ್ನ ಹೆಂಡತಿ ಬಸ್ ಕಂಡಕ್ಟರ್. ಅದಕ್ಕೆ ನನ್ನ ತಕರಾರೇನಿಲ್ಲ. ಆದರೆ ಡ್ಯೂಟಿ ಮುಗಿದ ಮೇಲೆ ಟಿಕೆಟ್ ಮೆಷಿನ್ ಒಪ್ಪಿಸಿ ಬರುವವಳು ಗಂಟಲನ್ನೂ ಡಿಪೋದಲ್ಲೇ ಒಪ್ಪಿಸಿ ಬರಬಾರದೇ? ಇಬ್ಬರೇ ಇರುವ ಅಡುಗೆಮನೆಯಲ್ಲಿ "ಒಳಗೆ ಹೋಗ್ರೀ, ಒಳಗೆ ಹೋಗ್ರೀ!" ಎಂದು ಕೂಗುತ್ತಾಳೆ. (ನಾನು ವಾಚು ರಿಪೇರಿ ಮಾಡುವವನು. ಉಸಿರು ಬಿಗಿಹಿಡಿದು ಮಾಡುವ ಕಸುಬು.)

ಹೋದ ತಿಂಗಳು ಒಂದು ರಜೆಯ ದಿನ ಅಮ್ಮನ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡೋಣವೆಂದು ಅದರ ಮರದ ಪೆಟ್ಟಿಗೆ ತೆರೆದೆ. ತಳದಲ್ಲಿ ದೋಣಿ ಕಥೆಯ ಪುಸ್ತಕ! ಅಮ್ಮ ಹೋದಮೇಲೆ ಅದೂ ಹೋಯಿತು ಎಂದುಕೊಂಡಿದ್ದೆವು. ಚಿಕ್ಕಂದಿನಲ್ಲಿ ಅಕ್ಕನನ್ನೂ ನನ್ನನ್ನೂ ಆಚೀಚೆ ಮಲಗಿಸಿಕೊಂಡು ಅಮ್ಮ ಅದನ್ನು ಓದುತ್ತಿದ್ದಳು. ಊರವರನ್ನೆಲ್ಲ ಹತ್ತಿಸಿಕೊಂಡ ದೋಣಿಯೊಂದು ಮಂಜಿನೊಳಗೆ ತೇಲುತ್ತ ಹೊರಡುತ್ತದೆ. ಪುಟ ತಿರುಗಿದಂತೆ ಅಮ್ಮನ ಧ್ವನಿ ತಗ್ಗುತ್ತಿತ್ತು, ನಮ್ಮ ರೆಪ್ಪೆಗಳೂ ತಗ್ಗುತ್ತಿದ್ದವು. ಆ ದೋಣಿ ಕೊನೆಗೆ ಎಲ್ಲಿಗೆ ಹೋಯಿತೆಂದು ನಮಗೆ ಅವತ್ತಿನವರೆಗೂ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಲೇಬೇಕು ಎಂದು ನನಗೆ ಹಟ ಬಂತು.

ಮೊದಲು ಗ್ರಂಥ ಸಂರಕ್ಷಣೆಯೆಂಬ ಮಹತ್ಕಾರ್ಯ. ವಾಚಿನ ಬ್ರಷ್ಷು, ಚಿಮಟ, ಭೂತಗನ್ನಡಿ, ನುಸಿಗುಳಿಗೆ ಎಲ್ಲವನ್ನೂ ಸಾಲಾಗಿ ಜೋಡಿಸಿಕೊಂಡು ಮೊದಲ ಪುಟದ ಧೂಳು ತೆಗೆದೆ. ಹಾಗೇ ಒಂದು ಸಾಲು ಓದಿದೆ.

"ರೀ! ಬ್ರಷ್ಷು ಮೂಗಿನೊಳಗೆ ಹೋಗಿದೆ, ಏಳ್ರೀ!"

ಅಷ್ಟರಲ್ಲಿ ಪಕ್ಕದ ಬೀದಿಯ ಅಕ್ಕ ಸುದ್ದಿ ತಿಳಿದು ಚಪ್ಪಲಿ ಅದಲುಬದಲು ಹಾಕಿಕೊಂಡು ಓಡಿಬಂದಳು.

"ಪುಸ್ತಕ ನಂದು ಕಣೋ. ಅಮ್ಮ ನನ್ನ ಕಡೆ ತಿರುಗಿ ಓದ್ತಿದ್ಲು."

"ಎಲ್ಲಾ ಸುಳ್ಳು! ನೀನು ಕಂಬಳಿ ಎಳ್ಕೊಂಡು ಗೊರಕೆ ಹೊಡೀತಿದ್ದೆ."

"ಗೊರಕೆ ಹೊಡೀತಿದ್ದೋನು ನೀನು!"

"ಸಾಕು ಮಾಡ್ರಿ ಇಬ್ರೂ," ಎಂದಳು ನನ್ನವಳು. ಕಿಟಕಿಯ ಗಾಜು ನಡುಗಿತು. "ಕೊನೇವರೆಗೂ ಎಚ್ಚರವಾಗಿದ್ದು ಕಥೆ ಕೇಳಿದೋರಿಗೆ ಪುಸ್ತಕ. ಶುರು ಮಾಡಿ ಅತ್ತಿಗೆ."

ಅಕ್ಕ ಓದತೊಡಗಿದಳು. ನಮ್ಮ ಮನೆಯಲ್ಲಿ ಯಾರೇ ಓದಿದರೂ ಆ ಪುಸ್ತಕ ಅಮ್ಮನ ಧಾಟಿಯಲ್ಲೇ ಬರುತ್ತದೆ, ಬೇರೆ ಧಾಟಿ ನಮಗೆ ಗೊತ್ತಿಲ್ಲ. ಪರದೆಯ ಆಚೆ ಬಿಸಿಲು ಮೆಲ್ಲಗೆ ಮಾಸಿತು. ಸೋಫಾ ಅಲುಗಿತು. ಮಂಜಿನ ತಂಪು, ಹುಟ್ಟು ನೀರಿಗಿಳಿಯುವ ಸದ್ದು, ಅಮ್ಮನ ಸೀರೆಗಂಟಿದ ಯಂತ್ರದೆಣ್ಣೆಯ ವಾಸನೆ. ಯಾರೋ ನನ್ನ ತಲೆ ಸವರಿದರು. ಎದ್ದಾಗ ಸಂಜೆಯಾಗಿತ್ತು. ಅಕ್ಕ ನನ್ನ ಭುಜಕ್ಕೊರಗಿ ಮಲಗಿದ್ದಳು.

ನನ್ನವಳು ಮಾತ್ರ ಪುಸ್ತಕವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. "ಏನ್ರೀ ಇದು, ಕೊನೇ ಹಾಳೆಗಳು ಬಿಡಿಸೇ ಇಲ್ವಲ್ಲ!"

ಭೂತಗನ್ನಡಿ ಹಾಕಿಕೊಂಡು ನೋಡಿದೆ. ಹಳೆಯ ಪುಸ್ತಕಗಳ ಹಾಳೆಗಳು ಕೆಲವೊಮ್ಮೆ ಅಂಚು ಕತ್ತರಿಸದೆ ಮಡಿಕೆಯಲ್ಲೇ ಬರುತ್ತಿದ್ದವು, ಓದುವವರೇ ಚಾಕು ಹಾಕಿ ಬಿಡಿಸಿಕೊಳ್ಳಬೇಕಿತ್ತು. ಇದರ ಕೊನೆಯ ಮಡಿಕೆಗೆ ಯಾರೂ ಚಾಕು ತಾಗಿಸಿರಲಿಲ್ಲ. ಹಾಗಾದರೆ ಅಮ್ಮ? ನಾವು ಮಲಗಿದ ಮೇಲೆ ಅವಳು ಎದ್ದುಹೋಗಿ ಹೊಲಿಗೆಗೆ ಕೂರುತ್ತಿದ್ದಳು ಎಂದುಕೊಂಡಿದ್ದೆ. ಇಲ್ಲ, ಅವಳೂ ನಮ್ಮ ಜೊತೆಗೇ ನಿದ್ದೆ ಹೋಗಿದ್ದಳು. ದಿನವಿಡೀ ಯಂತ್ರ ತುಳಿದ ಆ ಜೀವಕ್ಕೆ ಅಷ್ಟಾದರೂ ನಿದ್ದೆ ಸಿಕ್ಕಿತಲ್ಲ ಎಂದು ನನಗೆ ಅಳುವೇ ಬಂತು.

"ಬಿಡಿಸ್ಬೇಡ ಕಣೋ," ಎಂದಳು ಅಕ್ಕ, ಕಣ್ಣೊರೆಸಿಕೊಳ್ಳುತ್ತ. "ಅಮ್ಮಂಗೂ ಗೊತ್ತಿಲ್ದೇ ಇದ್ದದ್ದು ನಮಗ್ಯಾಕೆ?"

"ಸೋಲೋ ಭಯ ನಿಂಗೆ!" ಎಂದು ನಾನು ವಾಚಿನ ಚಾಕುವಿನಿಂದ ಸರ್ರನೆ ಮಡಿಕೆ ಸೀಳಿದೆ. ಓದುವ ಕೆಲಸವನ್ನು ಜಾಣತನದಿಂದ ನನ್ನವಳಿಗೇ ಒಪ್ಪಿಸಿದೆ. ಆ ಗಂಟಲಿನೆದುರು ಯಾವ ನಿದ್ದೆ ನಿಂತೀತು? ಅಕ್ಕ ಎರಡೂ ಕಿವಿಗಳನ್ನು ಬೆರಳಿಂದ ಮುಚ್ಚಿಕೊಂಡು ಹಿತ್ತಲಿಗೇ ಹೋಗಿಬಿಟ್ಟಳು.

ನನ್ನವಳು ಎದ್ದು ನಿಂತು, ಒಂದು ಕೈಯಲ್ಲಿ ಬಾಗಿಲಿನ ಚೌಕಟ್ಟು ಹಿಡಿದು, ಓದಿ ಬಿಸಾಕಿದಳು. ಕೊನೆಯ ಸಾಲು ಹೀಗಿತ್ತು: "ದೋಣಿ ದಡ ಮುಟ್ಟಿತು. ಎಲ್ಲರೂ ಎಚ್ಚರಗೊಂಡು ಇಳಿದು ಹೋದರು."

"ಇಷ್ಟೇನಾ?" ಎಂದೆ.

"ಇಷ್ಟೇ. ಪುಸ್ತಕ ನಿಮ್ದೇ, ತಗೊಳ್ಳಿ."

ಗೆದ್ದೆ. ಪುಸ್ತಕವನ್ನು ಮೆತ್ತನೆ ಬಟ್ಟೆಯಲ್ಲಿ ಸುತ್ತಿ ಗಾಜಿನ ಕಪಾಟಿನಲ್ಲಿಟ್ಟೆ. ಮಾರನೆಯ ಮಧ್ಯಾಹ್ನ ಆಸೆಯಿಂದ ತೆಗೆದು ಮೊದಲ ಪುಟ ಓದಿದೆ. ಮಂಜು ಬಂತು, ದೋಣಿ ಬಂತು, ರೆಪ್ಪೆ ಭಾರವಾಯಿತು. ಅಷ್ಟರಲ್ಲೇ ಕಿವಿಯಲ್ಲಿ "ದಡ ಬಂತು, ಇಳೀರಿ, ಇಳೀರಿ!" ಧಡಕ್ಕನೆ ಎದ್ದು ಕೂತೆ. ಅವತ್ತಿನಿಂದ ಇವತ್ತಿನವರೆಗೆ ಹಗಲಾಗಲಿ ಇರುಳಾಗಲಿ ನನಗೆ ಒಂದು ಒಳ್ಳೆಯ ನಿದ್ದೆಯಿಲ್ಲ, ದೇವರಾಣೆಗೂ ಇಲ್ಲ.

ಅಕ್ಕ ದಿನಾ ಊಟ ಮುಗಿಸಿ ಬರುತ್ತಾಳೆ. "ನಿನ್ನ ಪುಸ್ತಕ ಸ್ವಲ್ಪ ಕೊಡೋ," ಎಂದು ಕೇಳಿ ಪಡೆದು, ನನ್ನ ಸೋಫಾದಲ್ಲೇ ಕಾಲು ಚಾಚಿ, ಎರಡನೆಯ ಪುಟ ದಾಟುವುದರೊಳಗೆ ಮಗುವಿನಂತೆ ಮಲಗಿಬಿಡುತ್ತಾಳೆ. ನಾನು ಕಣ್ಣು ಬಿಟ್ಟುಕೊಂಡು ಎದುರಿಗೆ ಕುರ್ಚಿಯಲ್ಲಿ ಕೂರುತ್ತೇನೆ. ನಿನ್ನೆ ಒಂದೇ ಒಂದು ಸಲ ಆಕಳಿಸಿದೆ. ಅವಳು ನಿದ್ದೆಗಣ್ಣಲ್ಲೇ ಮಗ್ಗುಲು ತಿರುಗಿ ಗದರಿದಳು:

"ಶ್! ಸದ್ದು ಮಾಡ್ಬೇಡ್ವೋ. ಅಮ್ಮ ಈಗಷ್ಟೇ ಮಲಗಿದ್ದಾಳೆ."