ಕೆಲವು ವಿದ್ವಾಂಸರು

ನನ್ನ ಉದ್ಯೋಗ ಏನೆಂದು ಯಾರಾದರೂ ಕೇಳಿದರೆ ನಾನು ಸ್ವಲ್ಪ ತಡವರಿಸುತ್ತೇನೆ. ಅರ್ಥಶಾಸ್ತ್ರ ಎಂದುಬಿಟ್ಟರೆ ಕಾಂದಿವಲಿಯ ನಮ್ಮ ಬಿಲ್ಡಿಂಗಿನವರು ಲಿಫ್ಟಿನಲ್ಲೇ ನಿಲ್ಲಿಸಿಕೊಂಡು ಯಾವ ಶೇರು ಏರುತ್ತದೆ ಎಂದು ವಿಚಾರಿಸುತ್ತಾರೆ. ಅರ್ಥಚಿಂತನೆಯ ಇತಿಹಾಸ ಎಂದರೆ, ಪಾಪ, ಬೇರೆ ಕೆಲಸ ಸಿಗಲಿಲ್ಲವೇನೋ ಎಂಬಂತೆ ನೋಡುತ್ತಾರೆ. ಎಂದೋ ಸತ್ತುಹೋದ ಚಿಂತಕರು ಮನುಷ್ಯನ ಬಗ್ಗೆ ಏನು ಅಂದುಕೊಂಡಿದ್ದರು, ನಂತರದವರು ಅದನ್ನು ಹೇಗೆ ತಪ್ಪಾಗಿ ತಿಳಿದರು ಎಂದು ಹುಡುಕುವುದು ನನ್ನ ಕೆಲಸ. ಸತ್ತವರೊಡನೆ ಜಗಳವಾಡುವುದರಲ್ಲಿ ಒಂದು ಸುಖವಿದೆ. ಅವರು ಮನೆಗೆ ಬಂದು ಉಳಿದುಕೊಳ್ಳುವುದಿಲ್ಲ. ಆದರೆ ಹಣಗಂಡಿ ಸರ್ ಬದುಕಿದ್ದಾರೆ, ಮತ್ತು ನಮ್ಮ ಮನೆಗೇ ಬಂದರು.

ಸರ್ ಧಾರವಾಡದಲ್ಲಿ ನನಗೆ ಪಾಠ ಹೇಳಿದವರು. ಹಳೆಯ ಅರ್ಥಚಿಂತಕರೆಲ್ಲ ಮನುಷ್ಯನನ್ನು ಶುದ್ಧ ಸ್ವಾರ್ಥಿ ಎಂದೇ ನಂಬಿದ್ದರು ಎಂದು ಅವರು ಒಂದು ದಪ್ಪ ಪುಸ್ತಕ ಬರೆದಿದ್ದಾರೆ. ನಾನು ಈ ವಿಷಯ ಕಲಿತದ್ದೇ ಅದರಿಂದ. ಮುಂದೆ ಆ ಚಿಂತಕರ ನೀತಿಶಾಸ್ತ್ರದ ಬರಹಗಳನ್ನು ಓದುತ್ತಾ ಹೋದಂತೆ ನನಗೆ ಬೇರೆಯೇ ಕಂಡಿತು. ಮನುಷ್ಯ ಲಾಭಕ್ಕೆ ಎಷ್ಟು ಹಾತೊರೆಯುತ್ತಾನೋ ನಾಲ್ಕು ಜನರ ಮೆಚ್ಚುಗೆಗೂ ಅಷ್ಟೇ ಹಾತೊರೆಯುತ್ತಾನೆ ಎಂದು ಅವರು ಬರೆದಿದ್ದರು. ಬರೀ ಸ್ವಾರ್ಥದ ಮನುಷ್ಯ ಆಮೇಲೆ ಬಂದ ಪಠ್ಯಪುಸ್ತಕದವರ ಸೃಷ್ಟಿ. ಅಂದರೆ ಸರ್ ಅವರ ಪುಸ್ತಕ ಬುಡದಲ್ಲೇ ತಪ್ಪು. ಇದನ್ನೇ ಒಂದು ಪ್ರಬಂಧವಾಗಿ ಬರೆದು, ಅಂಧೇರಿಯ ಕಾಲೇಜೊಂದರ ವಿಚಾರ ಸಂಕಿರಣದಲ್ಲಿ ಓದಲು ಒಪ್ಪಿಕೊಂಡೆ. ಗೋಷ್ಠಿಯ ಅಧ್ಯಕ್ಷರು ಯಾರೆಂದು ನನಗೆ ತಿಳಿದದ್ದು ಸರ್ ಫೋನ್ ಮಾಡಿದಾಗ. “ನಿನ್ನ ಗೋಷ್ಠಿಗೆ ನಾನ ಅಧ್ಯಕ್ಷ ಅದೀನಿ. ಅವರು ಲಾಡ್ಜ್ ಮಾಡ್ತೀವಿ ಅಂದ್ರು, ಬ್ಯಾಡ ಅಂದೆ. ನಿಮ್ಮನ್ಯಾಗ ಇರ್ತೀನವಾ” ಎಂದರು.

ಫೋನ್ ಇಟ್ಟವಳೇ ಕಂಪ್ಯೂಟರ್ ಮುಂದೆ ಕೂತು, ಪ್ರಬಂಧದಲ್ಲಿ ಸರ್ ಹೆಸರು ಬಂದ ಕಡೆಯಲ್ಲೆಲ್ಲ ಅದನ್ನು ಅಳಿಸಿ ‘ಕೆಲವು ವಿದ್ವಾಂಸರು’ ಎಂದು ಸೇರಿಸಿದೆ. ನಾನು ಇದನ್ನು ಗೌರವ ಎಂದುಕೊಂಡೆ. ನನ್ನ ಗಂಡ ಸುಧಾಕರ ಉಡುಪಿ ಕಡೆಯವರು, ಮಲಾಡಿನಲ್ಲಿ ಹೋಟೆಲ್ ನಡೆಸುತ್ತಾರೆ. ಅವರು ಇದನ್ನು ಹೆದರಿಕೆ ಎಂದರು.

ಸಂಕಿರಣದ ಹಿಂದಿನ ದಿನ ಸರ್ ಬಂದರು. ಆ ಸಂಜೆ ಸುಸೂತ್ರವಾಗಿ ಕಳೆಯಿತು. ಪ್ರಬಂಧ ತೋರಿಸು ಎಂದಾಗ ಇನ್ನೂ ತಿದ್ದುತ್ತಿದ್ದೇನೆ ಎಂದು ಜಾರಿಕೊಂಡೆ. ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ ಬಂದು ನೋಡುತ್ತೇನೆ, ಸರ್ ಬಾಲ್ಕನಿಯ ಕುರ್ಚಿಯಲ್ಲಿ ಕೂತು ನನ್ನ ಪ್ರಬಂಧ ಓದುತ್ತಿದ್ದಾರೆ, ಕೈಯಲ್ಲಿ ಪೆನ್ಸಿಲ್. ಅಡುಗೆಮನೆಗೆ ಓಡಿದೆ.

“ಓದ್ಲಿಕ್ಕೆ ಪೇಪರ್ ಉಂಟಾ ಅಂತ ಕೇಳಿದ್ರು ಮಾರಾಯ್ತಿ” ಎಂದರು ಸುಧಾಕರ. “ನಮ್ಮ ಪೇಪರ್‌ನವ ಇನ್ನೂ ಬರ್ಲಿಲ್ಲ. ಪ್ರಿಂಟರ್ ಮೇಲೆ ನಿನ್ನ ಪೇಪರ್ ಇತ್ತಲ್ಲ, ಅದನ್ನೇ ಕೊಟ್ಟೆ.”

ತಿಂಡಿಗೆ ನೀರುದೋಸೆ. ಸರ್ ತಲೆ ಎತ್ತದೆ ತಿಂದರು. ಚಟ್ನಿ ಹಾಕಲೇ ಎಂದರೆ ಕೈ ಅಡ್ಡ ಮಾಡಿದರು. ಧಾರವಾಡದ ಹಣಗಂಡಿ ಸರ್ ಊಟದ ಹೊತ್ತಿಗೆ ಸುಮ್ಮನಿದ್ದುದನ್ನು ನಾನು ಕಂಡಿರಲಿಲ್ಲ. ಲೋಕಲ್ ರೈಲಿನ ನೂಕುನುಗ್ಗಲು ಅವರಿಗೆ ಆಗದೆಂದು ಅಂಧೇರಿಗೆ ಆಟೋ ಮಾಡಿದೆವು. ಅದೇ ತಪ್ಪಾಯಿತು. ಲೋಕಲ್ ಆಗಿದ್ದರೆ ಲೇಡೀಸ್ ಡಬ್ಬಿಯಲ್ಲಿ ತಲೆಮರೆಸಿಕೊಳ್ಳಬಹುದಿತ್ತು. ಆಟೋ ಗೋರೆಗಾಂವ್ ಹತ್ತಿರ ಹೈವೇಯಲ್ಲಿ ಸಿಕ್ಕಿಹಾಕಿಕೊಂಡು ನಿಂತಿತು. ಎರಡೂ ಕಡೆ ಬಸ್ಸುಗಳು, ನಡುವೆ ನಾನು ಮತ್ತು ಸರ್, ಅವರ ತೊಡೆಯ ಮೇಲೆ ಪ್ರಬಂಧ.

“ಈ ಕೆಲವು ವಿದ್ವಾಂಸರು ಅಂತ ಬರದೀಯಲ್ಲ, ಅವರು ಯಾರವಾ?”

“ಬಹಳ ಮಂದಿ ಅದಾರ ಸರ್” ಎಂದೆ.

“ಬಹಳ ಮಂದಿ” ಎಂದರು ಸರ್. ಆಮೇಲೆ ಅಂಧೇರಿಯವರೆಗೂ ಪಕ್ಕದ ಬಸ್ಸುಗಳ ಜಾಹೀರಾತು ನೋಡುತ್ತಾ ಕೂತರು. ಇವತ್ತು ವೇದಿಕೆಯ ಮೇಲೆಯೇ ನನ್ನ ಚರ್ಮ ಸುಲಿಯುತ್ತಾರೆ ಎಂದು ನನಗೆ ಖಾತ್ರಿಯಾಯಿತು. ಅವರನ್ನು ನೋಯಿಸಿದೆನಲ್ಲ ಎಂಬ ಸಂಕಟ ಅದಕ್ಕಿಂತ ದೊಡ್ಡದಾಗಿತ್ತು. ಜೀವನವಿಡೀ ಅವರು ಬರೆದದ್ದು ಆ ಒಂದೇ ಪುಸ್ತಕ.

ಸಭಾಂಗಣ ತುಂಬಿತ್ತು. ಸರ್ ಅಧ್ಯಕ್ಷರ ಕುರ್ಚಿಯಲ್ಲಿ, ಮುಂದೆ ಮೇಜಿನ ಗಂಟೆ. ನಾನು ಪಕ್ಕದಲ್ಲೇ ನಿಂತು ಇಂಗ್ಲಿಷಿನಲ್ಲಿ ಓದಲು ಶುರುಮಾಡಿದೆ. ಮೊದಲ ಸಲ ‘ಕೆಲವು ವಿದ್ವಾಂಸರು’ ಬಂದಾಗ ಸರ್ ಕೆಮ್ಮಿದರು. ಮುಂದಿನ ಸಲ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕಾಗದದ ಅಕ್ಷರ ನನಗೆ ಮಂಜಾಯಿತು. ಮತ್ತೊಮ್ಮೆ ಆ ಮಾತು ಬರುತ್ತಿದ್ದಂತೆ ಅವರು ಗಂಟೆ ಬಾರಿಸಿದರು. ನನಗೆ ಕೊಟ್ಟ ಸಮಯ ಇನ್ನೂ ಅರ್ಧ ಬಾಕಿಯಿತ್ತು.

ಸರ್ ಎದ್ದು ನಿಂತು, ಈ ಪ್ರಬಂಧದ ‘ಕೆಲವು ವಿದ್ವಾಂಸರು’ ಎಂದರೆ ತಾನೊಬ್ಬನೇ, ಬೇರೆ ಯಾರೂ ಅಲ್ಲ, ಸಭೆ ದಯವಿಟ್ಟು ಇದನ್ನು ಗಮನಿಸಬೇಕು ಎಂದು ಇಂಗ್ಲಿಷಿನಲ್ಲಿ ಘೋಷಿಸಿದರು. ಆಮೇಲೆ ನನ್ನ ಕಡೆ ಬಾಗಿ, ಮೈಕಿಗೆ ಕೈ ಅಡ್ಡ ಹಿಡಿದು ಹೇಳಿದರು:

“ನನ್ನ ಪುಸ್ತಕ ಹೊಗಳಿದವರೆಲ್ಲ ಮುನ್ನುಡಿ ಅಷ್ಟ ಓದ್ಯಾರ. ಕಡೀ ಪುಟದ ತನಕ ಓದಿದಾಕಿ ನೀ ಒಬ್ಬಾಕಿ. ಅದೂ ತಪ್ಪು ಹುಡುಕಾಕ ಓದೀದಿ, ಇರಲಿ. ಓದಿ ನನ್ನನ್ನ ಬಹಳ ಮಂದಿ ಗುಂಪಿನ್ಯಾಗ ನಿಲ್ಲಸ್ತಿಯಲ್ಲ. ಹೆಸರು ಹಚ್ಚಿ ಓದು.”

ನನ್ನ ಕಣ್ಣು ತುಂಬಿಬಂತು. ಹೆಸರು ಹಚ್ಚಿ ಓದಿದೆ. ಪ್ರತಿಸಲ ‘ಹಣಗಂಡಿಯವರ ಈ ವಾದ ನಿಲ್ಲುವುದಿಲ್ಲ’ ಎಂದಾಗಲೂ ಸರ್ ಕಣ್ಣು ಮುಚ್ಚಿ, ಸಂಗೀತ ಕಛೇರಿಯಲ್ಲಿ ಕೂತವರಂತೆ ತಲೆದೂಗಿದರು. ಮನುಷ್ಯನಿಗೆ ಬೇಕಾದದ್ದು ಬರೀ ಲಾಭವಲ್ಲ ಎಂಬ ನನ್ನ ವಾದಕ್ಕೆ ಸಾಕ್ಷಿ ಪಕ್ಕದಲ್ಲೇ ಕೂತಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗಿರಲಿಲ್ಲ. ಹೇಳದಿದ್ದದ್ದೇ ಒಳ್ಳೆಯದಾಯಿತು. ಅಧ್ಯಕ್ಷ ಭಾಷಣದಲ್ಲಿ ಅವರು ನನ್ನ ಪ್ರಬಂಧವನ್ನು ಎಳೆಎಳೆಯಾಗಿ ಬಿಡಿಸಿ ಹಾಕಿದರು. ಊಟ ತಣ್ಣಗಾಗುವವರೆಗೂ ಬಿಡಲಿಲ್ಲ.

ಅಷ್ಟಕ್ಕೇ ಸಮಾಧಾನವಾಗದೆ, ವಾಪಸ್ ಹೋಗುವ ಟಿಕೆಟ್ ರದ್ದು ಮಾಡಿಸಿ ನಮ್ಮ ಬಾಲ್ಕನಿಯಲ್ಲೇ ಕೂತು ಉತ್ತರ ಬರೆಯಲು ತೊಡಗಿದರು. ಸುಧಾಕರ ಹೋಟೆಲಿನಿಂದ ಗೋಳಿಬಜೆ ತಂದುಕೊಟ್ಟು ಆ ವಿದ್ವತ್ತಿಗೆ ಬಲ ತುಂಬಿದರು. ಲೇಖನವನ್ನು ಸರ್ ನನಗೆ ಕಳಿಸಿದ್ದು ಧಾರವಾಡ ತಲುಪಿದ ಮೇಲೆ. ತೆರೆದು, ನನ್ನ ಹೆಸರು ಬಂದ ಸಾಲುಗಳನ್ನಷ್ಟೇ ಹುಡುಕುತ್ತಾ ಹೋದೆ. ಪುಟಪುಟದಲ್ಲೂ ನಾನು. ಒಂದು ಕಡೆ ನಾನು ಅವಸರದ ತೀರ್ಮಾನಕ್ಕೆ ಬಂದಿದ್ದೆ, ಇನ್ನೊಂದು ಕಡೆ ಮೂಲವನ್ನೇ ತಪ್ಪಾಗಿ ಓದಿದ್ದೆ. ತಕ್ಷಣ ಫೋನ್ ಮಾಡಿದೆ.

“ಸರ್, ಒಂದು ದೊಡ್ಡ ತಪ್ಪಾಗೈತಿ. ಎರಡನೇ ಪುಟದಾಗ ನನ್ನ ಹೆಸರಿನ್ಯಾಗ ಒಂದು ಅಕ್ಷರ ಬಿಟ್ಟೈತಿ.”

“ತಿದ್ದಸ್ತೀನಿ” ಎಂದರು ಸರ್. “ಅದಿರಲಿ, ನನ್ನ ವಾದಕ್ಕ ಏನಂತಿ?”

ಅದನ್ನು ಇನ್ನೂ ಓದಿಲ್ಲ ಎಂದೆ.